ರಣಮಸ್ತಖಾನ ಯಾರ ಮಗ?

ಕಳೆದ ನವೆಂಬರಿನ ಮಾತು. ಅಸರ್ ನಮಾಝ್ ಮುಗಿಸಿ ಚಹಾಕ್ಕೆ ನೀರಿಟ್ಟಿದ್ದೆ. ಬ್ಯಾಡಗಿಯಿಂದ ಪರಿಚಯದ ತಾಯಿಯೊಬ್ಬಳು ಮಗಳನ್ನು ಕರೆದುಕೊಂಡು ರಾಣೇಬೆನ್ನೂರಿನ ನಮ್ಮ ಮನೆಗೆ ಬಂದಳು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿ ಮಾಡಿ ಮಗಳನ್ನು ಬಿ.ಎ. ತರಗತಿಯವರೆಗೆ ತಂದವಳು ಆಕೆ. ಸಂಜೆಯಾದರೂ ಬೆರಳುಗಳ ಉರಿ ಇಳಿದಿರುವುದಿಲ್ಲ. ಅಂದು ಉರಿ ಬೆರಳಿನಲ್ಲಷ್ಟೇ ಇರಲಿಲ್ಲ.

"ಆಪಾ, ಇಕಿಗೆ ಈ ಕನ್ನಡ ಬಿಡಿಸಿಬಿಡ್ರಿ. ಉರ್ದು ತಗೊಳ್ಳಲಿ, ಇಲ್ಲಾ ಟೇಲರಿಂಗ್ ಕಲೀಲಿ. ದುಡ್ಡು ಕೊಟ್ಟು ಬೈಸಿಕೊಂಡು ಬರೂದು ಯಾಕ್ರಿ?"

ಮಗಳು ತಲೆ ತಗ್ಗಿಸಿ ಕುಳಿತಿದ್ದಳು. ನಿಧಾನವಾಗಿ ವಿಷಯ ಹೊರಬಂತು. ರಾಜ್ಯೋತ್ಸವದ ತಿಂಗಳೆಂದು ಕಾಲೇಜಿನಲ್ಲಿ ನಮ್ಮ ಜಿಲ್ಲೆಯ ಲೇಖಕರ ಒಂದೊಂದು ಪುಸ್ತಕವನ್ನು ಒಬ್ಬೊಬ್ಬರು ಪರಿಚಯಿಸಬೇಕಿತ್ತು. ಚೀಟಿ ಎತ್ತಿದಾಗ ಇವಳಿಗೆ ಬಂದದ್ದು ಗಳಗನಾಥರ 'ಕನ್ನಡಿಗರ ಕರ್ಮಕಥೆ'. ತರಗತಿಯಲ್ಲಿ ಅದರ ಕಥೆ ಹೇಳುವಾಗ ರಣಮಸ್ತಖಾನನ ಹೆಸರು ಬಂತು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ, "ನಿಮ್ಮಾವ ಬಂದ ನೋಡು" ಎಂದ. ನಾಲ್ಕಾರು ಮಂದಿ ನಕ್ಕರು. ಪಾಠ ಮಾಡುವವರು ಕೇಳಿಸದವರಂತೆ ಪುಟ ತಿರುವಿದರು. ಹುಡುಗಿ ಮೂರು ದಿನದಿಂದ ಕಾಲೇಜಿಗೆ ಹೋಗಿರಲಿಲ್ಲ.

"ಪುಸ್ತಕ ಪೂರ್ತಿ ಓದಿದೆಯಾ ಬೇಟಾ?" ಎಂದು ಕೇಳಿದೆ.

"ಇಲ್ಲ ಆಪಾ. ಅರ್ಧ ಓದಿದ್ದೆ. ಅವತ್ತಿನಿಂದ ಮುಟ್ಟಿಲ್ಲ."

"ಹಾಗಾದರೆ ಆ ಹುಡುಗನೂ ಓದಿಲ್ಲ, ನೀನೂ ಓದಿಲ್ಲ. ಇಬ್ಬರೂ ಓದದ ಪುಸ್ತಕಕ್ಕಾಗಿ ಜಗಳ."

ಪ್ರಿಯ ಸಹೋದರಿಯರೇ, ಆ ಸಂಜೆ ನಾವು ಮೂವರು ಕುಳಿತು ಮಾತಾಡಿದ್ದನ್ನೇ ಈ ತಿಂಗಳು ನಿಮ್ಮ ಮುಂದಿಡುತ್ತಿದ್ದೇನೆ. ಶಾಲೆ ಕಾಲೇಜಿಗೆ ಹೋಗುವ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಇಂಥ ಸಂಜೆ ಬರುತ್ತದೆ. ಬಂದಾಗ ಏನು ಹೇಳಬೇಕೆಂದು ತೋಚುವುದಿಲ್ಲ.

ತಲೆಯ ಮೇಲೆ ಪುಸ್ತಕ ಹೊತ್ತವರು

ಗಳಗನಾಥರು ನಮ್ಮವರೇ. ಹಾವೇರಿ ತಾಲೂಕಿನಲ್ಲಿ, ತುಂಗಭದ್ರೆಯ ದಡದಲ್ಲಿ ಗಳಗನಾಥ ಎಂಬ ಊರಿದೆ. ಅಲ್ಲಿ 1869ರಲ್ಲಿ ಹುಟ್ಟಿದ ವೆಂಕಟೇಶ ತಿರಕೊ ಕುಲಕರ್ಣಿಯವರು ಊರಿನ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡರು. ಕನ್ನಡ ಶಾಲೆಯ ಮಾಸ್ತರರಾಗಿದ್ದರು. 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯನ್ನು ನಡೆಸಿದವರು ಅವರು. ಕನ್ನಡದಲ್ಲಿ ಕಾದಂಬರಿ ಎಂದರೇನೆಂದು ಜನ ಕೇಳುತ್ತಿದ್ದ ಕಾಲದಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಾದಂಬರಿ ಕೊಟ್ಟರು. ಪುಸ್ತಕದ ಗಂಟು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದರು. 1942ರಲ್ಲಿ ತೀರಿಕೊಂಡರು.

ಅವರು ಹಾಗೇಕೆ ಅಲೆದರು ಎಂಬುದನ್ನು ತಿಳಿಯಬೇಕಾದರೆ ಆಗಿನ ಕಾಲ ನೋಡಬೇಕು. ನಮ್ಮ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳು ಆಗ ಧಾರವಾಡ ಜಿಲ್ಲೆಯಲ್ಲಿ, ಮುಂಬಯಿ ಪ್ರಾಂತದಲ್ಲಿ ಇದ್ದವು. ಆಳುವವರು ಇಂಗ್ಲಿಷರು. ಕಚೇರಿಯಲ್ಲಿ, ಓದುಬರಹದಲ್ಲಿ ಮರಾಠಿಯದೇ ದೊಡ್ಡಸ್ತಿಕೆ. ಕನ್ನಡಿಗರು ನಾಲ್ಕೈದು ಆಡಳಿತಗಳಲ್ಲಿ ಹಂಚಿಹೋಗಿದ್ದರು. ನಾವು ಯಾರು, ನಮ್ಮ ನಾಡು ಯಾವುದು ಎಂಬ ಪ್ರಶ್ನೆ ಎದ್ದಾಗ, ಒಂದು ಕಾಲದಲ್ಲಿ ನಾವೂ ಸಾಮ್ರಾಜ್ಯ ಕಟ್ಟಿದ್ದೆವು ಎಂದು ಹೇಳುವವರು ಬೇಕಾಗಿದ್ದರು. 1917ರಲ್ಲಿ ಆಲೂರು ವೆಂಕಟರಾಯರು 'ಕರ್ನಾಟಕ ಗತವೈಭವ' ಬರೆದದ್ದೂ ಅದೇ ಹಂಬಲದಿಂದ. ಗಳಗನಾಥರು ಅದೇ ಮಾತನ್ನು ಕಥೆಯಾಗಿ ಹೇಳಿದರು. ವಿಜಯನಗರ ಹೇಗೆ ಹುಟ್ಟಿತು ಎಂಬುದಕ್ಕೆ 'ಮಾಧವ ಕರುಣಾ ವಿಲಾಸ', ಹೇಗೆ ಅಳಿಯಿತು ಎಂಬುದಕ್ಕೆ 'ಕನ್ನಡಿಗರ ಕರ್ಮಕಥೆ'.

ಇಲ್ಲೊಂದು ಸ್ವಾರಸ್ಯವಿದೆ. ಕನ್ನಡಿಗರ ಅಭಿಮಾನವನ್ನು ಎಬ್ಬಿಸಿದ ಈ ಕರ್ಮಕಥೆಯ ಮೂಲ ಮರಾಠಿ. ಹರಿ ನಾರಾಯಣ ಆಪಟೆಯವರ 'ವಜ್ರಾಘಾತ' ಕಾದಂಬರಿಯಿಂದ ಅದು ಕನ್ನಡಕ್ಕೆ ಬಂತು. ಪಕ್ಕದ ಮನೆಯಿಂದ ಹೆಪ್ಪು ತಂದು ನಮ್ಮ ಹಾಲಿಗೆ ಹಾಕಿದರೆ ಆ ಮೊಸರು ನಮ್ಮದೇ ತಾನೆ? ಭಾಷೆ, ಅಭಿಮಾನ, ಕಥೆ ಎಲ್ಲವೂ ಹಾಗೆಯೇ. ಕೊಟ್ಟು ತೆಗೆದುಕೊಂಡೇ ಬೆಳೆದವು.

ಕಥೆಯಲ್ಲಿ ಏನಿದೆ?

ರಾಮರಾಜನಿಗೆ ಮೆಹರ್ಜಾನ ಎಂಬ ಮುಸ್ಲಿಂ ತರುಣಿಯ ಮೇಲೆ ಪ್ರೀತಿ. ಕುಂಜವನದಲ್ಲಿ ಅವಳೊಂದಿಗೆ ಇರುತ್ತಾನೆ. ಆದರೆ ಅರಮನೆಯ ಅಳಿಯನಾಗಬೇಕು, ರಾಜ್ಯದ ಸೂತ್ರ ಹಿಡಿಯಬೇಕು ಎಂಬ ಆಸೆ ಅದಕ್ಕಿಂತ ದೊಡ್ಡದಾಗುತ್ತದೆ. ಕೊಟ್ಟ ಮಾತು ಮುರಿಯುತ್ತದೆ. ಅವಳು ದೂರವಾಗುತ್ತಾಳೆ. ಅವಳ ಮಗ ಬಿಜಾಪುರದ ಆಶ್ರಯದಲ್ಲಿ ಬೆಳೆದು ರಣಮಸ್ತಖಾನನಾಗುತ್ತಾನೆ. ಮುಂದೆ ವಿಜಯನಗರದ ವೈರಿಗಳ ಸಾಲಿನಲ್ಲಿ, ಹೆತ್ತ ತಂದೆಯ ಎದುರಿಗೇ ನಿಲ್ಲುತ್ತಾನೆ.

ಕಥೆಯನ್ನು ಇಷ್ಟು ಹೇಳಿ ಹುಡುಗಿಯನ್ನು ಕೇಳಿದೆ: "ಹಾಗಾದರೆ ರಣಮಸ್ತಖಾನ ಯಾರ ಮಗ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ರಾಮರಾಜನ ಮಗ" ಎಂದಳು.

"ಮತ್ತೆ ಆ ಹುಡುಗ ನಿನಗೆ ಏನೆಂದ?"

ತಾಯಿ ನಡುವೆ ಬಾಯಿ ಹಾಕಿದಳು. "ಅಪ್ಪ ಕೈಬಿಟ್ಟಾನ. ಅದಕ್ಕ ಮಗಾ ತಿರುಗಿ ಬಿದ್ದಾನ. ಇದರಾಗ ಜಾತಿ ಎಲ್ಲಿಂದ ಬಂತ್ರಿ?"

ಅಕ್ಷರ ಕಲಿಯದ ಆ ತಾಯಿ, ಪುಸ್ತಕದ ಜೀವಾಳ ಎಲ್ಲಿದೆ ಎಂಬುದನ್ನು ಒಂದೇ ಮಾತಿನಲ್ಲಿ ಹಿಡಿದಿದ್ದಳು. ಪುಸ್ತಕದ ಹೆಸರನ್ನೇ ನೋಡಿ. 'ತುರುಕರ ಕರ್ಮಕಥೆ' ಅಲ್ಲ, 'ಕನ್ನಡಿಗರ ಕರ್ಮಕಥೆ'. ಮಾಡಿದ್ದುಣ್ಣೋ ಮಹರಾಯ ಎನ್ನುತ್ತೇವಲ್ಲ, ಆ ಅರ್ಥದ ಕರ್ಮ. ಸಾಮ್ರಾಜ್ಯದ ಬುಡ ಅಲುಗಿದ್ದು ಹೊರಗಿನ ಫಿರಂಗಿಯಿಂದ ಮಾತ್ರವಲ್ಲ. ಅಧಿಕಾರಕ್ಕಾಗಿ ಒಬ್ಬ ಗಂಡಸು ಒಬ್ಬ ಹೆಣ್ಣಿಗೆ ಕೊಟ್ಟ ಮಾತು ತಪ್ಪಿದ್ದರಿಂದ ಎಂದು ಕಾದಂಬರಿ ಹೇಳುತ್ತದೆ. ಇದನ್ನು ನಮ್ಮ ಹೆಣ್ಣುಮಕ್ಕಳು ಓದದೆ ಇನ್ಯಾರು ಓದಬೇಕು?

ಹಾಗೆಂದು ಪುಸ್ತಕದಲ್ಲಿ ನೋಯಿಸುವ ಮಾತೇ ಇಲ್ಲ ಎಂದು ನಾನು ಹೇಳುವುದಿಲ್ಲ. ಅದು ತನ್ನ ಕಾಲದ ಪುಸ್ತಕ. ನಮ್ಮವರು ಮತ್ತು ಪರಕೀಯರು ಎಂದು ಗೆರೆ ಎಳೆದೇ ಅಂದಿನ ಐತಿಹಾಸಿಕ ಕಾದಂಬರಿಗಳು ಹೊರಡುತ್ತಿದ್ದವು. ಆ ಗೆರೆಯ ಆಚೆ ಬೀಳುತ್ತಿದ್ದವರು ಹೆಚ್ಚಾಗಿ ನಾವೇ. ಅದನ್ನು ಕಂಡಾಗ ನೋವಾಗುವುದು ಸಹಜ. ಆದರೆ ಗೆರೆ ಎಳೆದ ಕೈಯೇ ರಣಮಸ್ತಖಾನನನ್ನು ಕನ್ನಡದ ಅರಸನ ಮಗನನ್ನಾಗಿಯೂ ಮಾಡಿದೆ. ಇವೆರಡನ್ನೂ ನೋಡುವುದೇ ಓದು.

ಇತಿಹಾಸದಲ್ಲಿ ಏನಿದೆ?

ಕಾದಂಬರಿಯೇ ಇತಿಹಾಸವಲ್ಲ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಬೇಕು. ಮೆಹರ್ಜಾನ, ರಣಮಸ್ತಖಾನರ ಈ ಕಥೆ ಕಾದಂಬರಿಕಾರರು ಕಟ್ಟಿದ್ದು. ನಡೆದದ್ದು ಇಷ್ಟು: 1565ರ ಜನವರಿ 23ರಂದು ಕೃಷ್ಣಾ ನದಿಯ ಹತ್ತಿರ, ಈಗ ರಕ್ಕಸಗಿ–ತಂಗಡಗಿ ಅಥವಾ ತಾಳಿಕೋಟೆ ಎಂದು ಕರೆಯುವ ಯುದ್ಧದಲ್ಲಿ, ದಖ್ಖನಿನ ಸುಲ್ತಾನರು ಒಂದಾಗಿ ವಿಜಯನಗರವನ್ನು ಸೋಲಿಸಿದರು. ಇಳಿವಯಸ್ಸಿನ ಅಳಿಯ ರಾಮರಾಯ ಸೆರೆ ಸಿಕ್ಕಿ, ಅಹ್ಮದ್‌ನಗರದ ಹುಸೇನ್ ನಿಝಾಮ್ ಶಾಹನ ಪಾಳೆಯದಲ್ಲಿ ಕೊಲ್ಲಲ್ಪಟ್ಟ. ರಾಜಧಾನಿ ಹಾಳಾಯಿತು. ಇದು ನಿಜ, ದುಃಖದ ಸಂಗತಿ. ಹಂಪಿಯ ಮುರಿದ ಕಲ್ಲುಗಳನ್ನು ನೋಡಿ ಕನ್ನಡಿಗನಾದವನಿಗೆ ಮರುಕವಾಗಬೇಕು. ನನಗೂ ಆಗಿದೆ.

ಆದರೆ ಅದರ ಹಿಂದಿನ ಪುಟಗಳನ್ನೂ ತಿರುವಬೇಕು. ರಾಮರಾಯ ಮೊದಲು ಗೋಲ್ಕೊಂಡದ ಸುಲ್ತಾನನ ಸೇವೆಯಲ್ಲಿದ್ದವನು. ಗೋಲ್ಕೊಂಡದ ಇಬ್ರಾಹೀಮ್ ಕುತುಬ್ ಶಾಹ್ ದೊರೆಯಾಗುವ ಮೊದಲು ಅಣ್ಣನಿಗೆ ಹೆದರಿ ಏಳು ವರ್ಷ ಆಶ್ರಯ ಪಡೆದದ್ದು ವಿಜಯನಗರದಲ್ಲೇ. ಬಿಜಾಪುರದ ಅಲಿ ಆದಿಲ್ ಶಾಹ್ ರಾಮರಾಯನೊಡನೆ ಸೇರಿ ಅಹ್ಮದ್‌ನಗರದ ಮೇಲೆ ದಂಡೆತ್ತಿದ್ದ. ಒಬ್ಬ ಸುಲ್ತಾನನ ಮೇಲೆ ಇನ್ನೊಬ್ಬನನ್ನು ಎತ್ತಿಕಟ್ಟುತ್ತ ರಾಮರಾಯ ಬಲಿಷ್ಠನಾದ. ಕೊನೆಗೆ ಅವರೆಲ್ಲ ಒಂದಾದಾಗ ಅದೇ ಆಟ ಅವನಿಗೆ ತಿರುಗಿಬಿತ್ತು.

ವಿಜಯನಗರದ ಅರಸರು ತಮ್ಮನ್ನು 'ಹಿಂದೂರಾಯ ಸುರತ್ರಾಣ' ಎಂದು ಕರೆದುಕೊಂಡರು. ಸುರತ್ರಾಣ ಎಂದರೆ ಸುಲ್ತಾನ. ಎರಡನೇ ದೇವರಾಯನ ಕಾಲದಲ್ಲಿ, 1439ರಲ್ಲಿ, ಅವನ ಸೇವೆಯಲ್ಲಿದ್ದ ಅಹ್ಮದ್ ಖಾನ್ ಹಂಪಿಯಲ್ಲಿ ಕಟ್ಟಿಸಿದ ಮಸೀದಿ ಇಂದಿಗೂ ಇದೆ. ಅದನ್ನು ದೇವರಾಯನಿಗೆ ಪುಣ್ಯ ಬರಲೆಂದು ಕಟ್ಟಿಸಿದ ಧರ್ಮಶಾಲೆ ಎಂದು ಅಲ್ಲಿನ ಕನ್ನಡ ಶಾಸನ ಹೇಳುತ್ತದೆ. ಅತ್ತ ಬಿಜಾಪುರ, ಅಹ್ಮದ್‌ನಗರಗಳ ಸೇವೆಯಲ್ಲಿ ಮರಾಠಾ ಸರದಾರರಿದ್ದರು.

ನಮಗೆ ಹಿತವಲ್ಲದ್ದನ್ನೂ ಮುಚ್ಚಿಡಬಾರದು. ಯುದ್ಧವಾದ ಎರಡು ವರ್ಷಕ್ಕೆ ವಿಜಯನಗರಕ್ಕೆ ಬಂದ ಇಟಲಿಯ ಪ್ರವಾಸಿ ಸೀಸರ್ ಫ್ರೆಡರಿಕ್, ರಾಮರಾಯನ ಸೈನ್ಯದ ಇಬ್ಬರು ಮುಸ್ಲಿಂ ಸರದಾರರು ಯುದ್ಧದ ನಡುವೆ ಪಕ್ಷ ಬದಲಿಸಿದರೆಂದು ಬರೆದಿದ್ದಾನೆ. ಅವರು ಹಾಗೆ ಮಾಡಿದ್ದರೆ ಅದು ದ್ರೋಹ. ದ್ರೋಹವನ್ನು ದ್ರೋಹವೆಂದು ಕರೆಯಲು ನಮಗೆ ಅಂಜಿಕೆ ಬೇಡ. ನ್ಯಾಯ ಹೇಳುವಾಗ ನಮ್ಮವರು, ಬೇರೆಯವರು ಎಂದು ನೋಡಬಾರದೆಂಬುದು ನಮ್ಮ ದೀನ್ ಕಲಿಸಿದ ಪಾಠ. ಆದರೆ ಇಬ್ಬರ ತಪ್ಪನ್ನು ನಾಲ್ಕು ನೂರ ಅರವತ್ತು ವರ್ಷಗಳ ನಂತರ ಬ್ಯಾಡಗಿಯ ಹುಡುಗಿಯ ತಲೆಗೆ ಕಟ್ಟುವುದು ಯಾವ ನ್ಯಾಯ?

ವಿಜಯನಗರ ಎಂದರೆ ಮುಸ್ಲಿಮರ ವಿರುದ್ಧ ನಿಂತ ಹಿಂದೂ ಗೋಡೆ ಎಂಬ ಚಿತ್ರವನ್ನು ಗಟ್ಟಿ ಮಾಡಿದವರಲ್ಲಿ ಪ್ರಮುಖ ರಾಬರ್ಟ್ ಸಿವೆಲ್. ಆತ ಮದ್ರಾಸಿನ ಇಂಗ್ಲಿಷ್ ಅಧಿಕಾರಿ. 1900ರಲ್ಲಿ ಬಂದ ಅವನ ಪುಸ್ತಕ ವಿಜಯನಗರವನ್ನು 'ಮರೆತುಹೋದ ಸಾಮ್ರಾಜ್ಯ' ಎಂದು ಕರೆಯಿತು. ಆ ಪುಸ್ತಕದಿಂದ ನಮಗೆ ಉಪಕಾರವೂ ಆಗಿದೆ, ಎಷ್ಟೋ ಹಳೆಯ ದಾಖಲೆಗಳು ಬೆಳಕು ಕಂಡವು. ಆದರೆ ಒಂದು ಸಾಮ್ರಾಜ್ಯದ ನೌಕರ ಇನ್ನೊಂದು ಸಾಮ್ರಾಜ್ಯದ ಕಥೆ ಬರೆಯುವಾಗ, ಇಲ್ಲಿಯ ಜನ ಎಂದೆಂದಿಗೂ ಎರಡು ಪಾಳೆಯ ಎಂದು ತೋರಿದರೆ ಅವನ ಸರಕಾರಕ್ಕೇ ಅನುಕೂಲ. ಆಳುವವರು ಹೋದರು. ಅವರು ತೊಡಿಸಿದ ಕನ್ನಡಕ ಮಾತ್ರ ನಮ್ಮ ಮೂಗಿನ ಮೇಲೆ ಉಳಿಯಿತು.

ಸವಣೂರಿನ ಕೋಟೆ

ದೂರದ ಹಂಪಿ ಬೇಡ, ನಮ್ಮ ಸವಣೂರಿಗೇ ಬನ್ನಿ. 1756ರಲ್ಲಿ ಸವಣೂರಿಗೆ ಮುತ್ತಿಗೆ ಬಿತ್ತು. ಒಳಗೆ ನವಾಬ ಅಬ್ದುಲ್ ಹಕೀಮ್ ಖಾನ್. ಅವನ ಜೊತೆ ನಿಂತವನು ಮರಾಠಾ ಸರದಾರ ಮುರಾರಿರಾವ್ ಘೋರ್ಪಡೆ. ಹೊರಗೆ ಪೇಶ್ವೆ ಬಾಳಾಜಿ ಬಾಜೀರಾವ್. ಅವನ ಜೊತೆ ಹೈದರಾಬಾದಿನ ನಿಝಾಮ ಸಲಾಬತ್ ಜಂಗ್, ಫ್ರೆಂಚರ ಬುಸ್ಸಿಯ ತೋಪುಗಳು. ಹಿಂದೂಗಳು ಯಾವ ಕಡೆ, ಮುಸ್ಲಿಮರು ಯಾವ ಕಡೆ, ಎಣಿಸಿ ನೋಡಿ. ಮುಂದೆ ಇದೇ ನವಾಬರ ಮನೆಗೂ ಹೈದರಾಲಿಯ ಮನೆಗೂ ಬೀಗತನವಾಯಿತು. ಆದರೂ 1786ರಲ್ಲಿ ಟಿಪ್ಪು ದಂಡೆತ್ತಿ ಬಂದಾಗ ನವಾಬ ಮರಾಠರ ಪಕ್ಷದಲ್ಲಿದ್ದ. ರಾಜರಿಗೆ ರಾಜ್ಯವೇ ದೊಡ್ಡದು. ಧರ್ಮದ ಹೆಸರು ಬೇಕಾದಾಗ ತೊಡುವ ಅಂಗಿ.

ಸವಣೂರು 1948ರಲ್ಲಿ ಭಾರತದ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆ ನವಾಬರ ಊರಿನಲ್ಲೇ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಕನ್ನಡಕ್ಕೆ ಜ್ಞಾನಪೀಠ ತಂದರು. ಹತ್ತಿರದ ಶಿಶುನಾಳದ ಶರೀಫಜ್ಜ ಗೋವಿಂದಭಟ್ಟರ ಶಿಷ್ಯರಾದರು. ಈ ನೆಲದ ಲೆಕ್ಕದಲ್ಲಿ ಎರಡೇ ಪಾಳೆಯ ಎಂದೂ ಇರಲಿಲ್ಲ.

ಊರಿನ ರಾಜಕೀಯ

"ಇದೆಲ್ಲಾ ಖರೆ ಆಪಾ. ಆದರ ಆ ಹುಡುಗನಿಗೆ ಇದನ್ನ ಹೇಳೋರು ಯಾರು?" ಎಂದಳು ತಾಯಿ.

ಸಹೋದರಿಯರೇ, ಪ್ರಶ್ನೆ ಅಲ್ಲಿದೆ. ಆ ಹುಡುಗ ತಾಳಿಕೋಟೆಯ ಪುಸ್ತಕ ಓದಿ ಆ ಮಾತು ಆಡಲಿಲ್ಲ. ಚುನಾವಣೆ ಹತ್ತಿರ ಬಂದಾಗ ಚಹಾದಂಗಡಿಯಲ್ಲಿ, ಕೈಯಲ್ಲಿನ ಮೊಬೈಲಿನಲ್ಲಿ 1565 ಹೊಸದಾಗಿ ಹುಟ್ಟುತ್ತದೆ. ಚರಂಡಿ ತುಂಬಿದೆ, ನಳ ಬಂದಿಲ್ಲ ಎಂದು ಕೇಳಬೇಕಾದ ಜನರಿಗೆ ಹಳೆಯ ಸಾಮ್ರಾಜ್ಯದ ಸಿಟ್ಟು ಹಂಚಲಾಗುತ್ತದೆ. ಸಿಟ್ಟು ಹಂಚುವುದಕ್ಕೆ ಖರ್ಚು ಕಡಿಮೆ. ನಮ್ಮ ಓಣಿಗಳಲ್ಲೂ ಇದಕ್ಕೆ ಪ್ರತಿಯಾಗಿ ಇನ್ನೊಂದು ಬಗೆಯ ಸಿಟ್ಟು ಹಂಚುವವರಿದ್ದಾರೆ. ಕನ್ನಡ ನಮ್ಮದಲ್ಲ, ಆ ಪುಸ್ತಕಗಳು ನಮಗಲ್ಲ ಎನ್ನುವವರು. ಇಬ್ಬರ ಮಾತಿನಿಂದಲೂ ಕೊನೆಗೆ ಕಾಲೇಜು ಬಿಡುವವಳು ಹುಡುಗಿ.

2023ರ ಜನವರಿಯಲ್ಲಿ 86ನೇ ಕನ್ನಡ ಸಾಹಿತ್ಯ ಸಮ್ಮೇಳನ ಹಾವೇರಿಯಲ್ಲೇ ನಡೆಯಿತು. ಪ್ರಧಾನ ವೇದಿಕೆಗೆ ಕನಕ, ಶರೀಫ, ಸರ್ವಜ್ಞರ ಹೆಸರು. ಆದರೆ ಗೋಷ್ಠಿಗಳ ಪಟ್ಟಿಯಲ್ಲಿ ಮುಸ್ಲಿಂ ಸಾಹಿತಿಗಳನ್ನು ಕಡೆಗಣಿಸಲಾಗಿದೆ ಎಂಬ ದೂರು ಎದ್ದಿತು. ಅದನ್ನು ಪ್ರತಿಭಟಿಸಿ ಬೆಂಗಳೂರಿನಲ್ಲಿ ಜನ ಸಾಹಿತ್ಯ ಸಮ್ಮೇಳನ ಎಂಬ ಪರ್ಯಾಯ ಸಭೆಯೂ ನಡೆಯಿತು. ಅದಕ್ಕಾಗಿ ದನಿ ಎತ್ತಿದವರಲ್ಲಿ ಹೆಚ್ಚಿನವರು ಮುಸ್ಲಿಮರಲ್ಲ ಎಂಬುದನ್ನು ಮರೆಯಬಾರದು. ಹಾವೇರಿಯ ಹೆಸರಾದ ಏಲಕ್ಕಿ ಹಾರವನ್ನು ತಲೆಮಾರುಗಳಿಂದ ಪೋಣಿಸುತ್ತ ಬಂದಿರುವುದು ಮುಸ್ಲಿಂ ಮನೆತನ. ಈ ನಾಡು ತನ್ನ ಅತಿಥಿಗಳ ಕೊರಳಿಗೆ ಹಾಕುವ ಮಾಲೆಯಲ್ಲಿ ನಮ್ಮ ಬೆರಳುಗಳಿವೆ. ಮಾಲೆ ಕಟ್ಟುವ ಕೈ ಬರೆಯಲೂ ಬೇಕು.

ನಮ್ಮ ಕಥೆ ನಾವು ಬರೆದಾಗ

ಬರೆದವರಿದ್ದಾರೆ. ಪುತ್ತೂರಿನ ಕಡೆಯ ಬೊಳುವಾರು ಮಹಮದ್ ಕುಂಞಿಯವರು ಮುತ್ತುಪ್ಪಾಡಿ ಎಂಬ ಊರನ್ನು ಕಲ್ಪಿಸಿ, ಅಲ್ಲಿಯ ಮುಸ್ಲಿಮರ, ಹಿಂದೂಗಳ ದಿನದಿನದ ಬದುಕನ್ನು ಕಥೆಯಾಗಿಸಿದರು. ಅವರ 'ಸ್ವಾತಂತ್ರ್ಯದ ಓಟ' ಸಾವಿರಕ್ಕೂ ಹೆಚ್ಚು ಪುಟಗಳ ಕಾದಂಬರಿ. ಇಂಗ್ಲಿಷರ ಸಾಮ್ರಾಜ್ಯ ಮುಗಿದು ದೇಶ ಒಡೆದ ದಿನಗಳಿಂದ ಹಿಡಿದು, ದೇಶ ಎಂದರೇನು, ಊರು ಎಂದರೇನು ಎಂದು ಸಣ್ಣ ಊರಿನ ಅಂಗಳದಲ್ಲಿ ನಿಂತು ಅದು ಕೇಳುತ್ತದೆ. ಅದಕ್ಕೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗಳಗನಾಥರ ಕಾದಂಬರಿಯ ಪಕ್ಕದಲ್ಲಿ ಅದನ್ನು ಇಟ್ಟುಕೊಂಡು ಓದಬೇಕು. ಅಲ್ಲಿ ನಾವು ಬೇರೆಯವರು ಕಂಡ ಪಾತ್ರಗಳು; ಇಲ್ಲಿ ನಮ್ಮ ಮನೆಯ ಒಳಗಿನ ಮಾತು ಕೇಳಿಸುತ್ತದೆ.

ಹೆಣ್ಣುಮಕ್ಕಳಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತೀರದಲ್ಲಿ' ಬರೆದು ದಾರಿ ತೆರೆದರು. 2023ರಲ್ಲಿ ಅವರು ನಮ್ಮನ್ನಗಲಿದರು. 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಅನುವಾದದ ಮೂಲಕ, ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದಾಗ ವಿರೋಧ ಎದ್ದಿತು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಲ್ಲಿ ಅರ್ಜಿ ವಜಾ ಆಯಿತು. ಅವರೇ ಉದ್ಘಾಟಿಸಿದರು. ಮೈಸೂರಿನ ದಸರಾ ವಿಜಯನಗರದ ಮಹಾನವಮಿಯಿಂದ ಬಂದ ಪರಂಪರೆ. ರಾಮರಾಯನ ಕಾಲದ ಹಬ್ಬಕ್ಕೆ ಕನ್ನಡದ ಮುಸ್ಲಿಂ ಲೇಖಕಿ ಚಾಲನೆ ಕೊಟ್ಟರು. ಆ ದಿನ ಹಾಗೆ ಉತ್ತರ ಸಿಕ್ಕಿದ್ದು ಕೂಗಾಟದಿಂದಲ್ಲ, ಐವತ್ತು ವರ್ಷ ಹಿಡಿದ ಲೇಖನಿಯಿಂದ.

ಮನೆಯಲ್ಲಿ ನಾವು ಮಾಡಬಹುದಾದದ್ದು

ಮಕ್ಕಳು ಇಂಥ ನೋವು ಹೊತ್ತು ಬಂದರೆ ಮೊದಲು ಕೇಳಿಸಿಕೊಳ್ಳಿ. "ಸುಮ್ಮನಿರು, ನಮಗ್ಯಾಕೆ" ಎಂದು ಬಾಯಿ ಮುಚ್ಚಿಸಬೇಡಿ. ಪುಸ್ತಕವನ್ನು ಕಿತ್ತಿಡಬೇಡಿ, ಮುಗಿಸಲು ಹೇಳಿ. ಓದು ಬಾರದಿದ್ದರೆ ಮಕ್ಕಳಿಂದಲೇ ಓದಿಸಿ ಕೇಳಿ. ತರಗತಿಯಲ್ಲಿ ಅವಮಾನವಾದರೆ ತಂದೆ ತಾಯಿ ಹೋಗಿ ಶಿಕ್ಷಕರೊಡನೆ ಸಮಾಧಾನದಿಂದ ಮಾತಾಡಿ. ನಾನೂ ಶಿಕ್ಷಕಿ. ನಮ್ಮಲ್ಲೂ ಪುಟ ತಿರುವಿ ಸುಮ್ಮನಾಗುವ ದುರ್ಬಲರಿದ್ದೇವೆ. ಕೇಳುವವರಿದ್ದಾರೆಂದು ಗೊತ್ತಾದರೆ ಮುಂದಿನ ಸಲ ತಲೆ ಎತ್ತುತ್ತೇವೆ. ಹಾಗೆಯೇ ನಮ್ಮ ಮಕ್ಕಳು ಬೇರೆ ಮಕ್ಕಳ ಜಾತಿ ಎತ್ತಿ ನಕ್ಕಾಗಲೂ ಅಷ್ಟೇ ಕಟುವಾಗಿ ತಿದ್ದಬೇಕು.

ಆ ಹುಡುಗಿ ಕಾಲೇಜಿಗೆ ಮರಳಿದಳು. ಪುಸ್ತಕ ಮುಗಿಸಿ ವೇದಿಕೆ ಹತ್ತಿದಳು. ರಣಮಸ್ತಖಾನ ಕನ್ನಡಿಗನ ಮಗ ಎಂಬ ಮಾತಿನಿಂದಲೇ ಶುರು ಮಾಡಿದಳಂತೆ. ಬಹುಮಾನ ಬರಲಿಲ್ಲ. ಆ ಹುಡುಗ ಬಂದು ತಪ್ಪಾಯಿತು ಎಂದೂ ಹೇಳಲಿಲ್ಲ. ಆದರೆ ಅಂದು ಯಾರೂ ನಗಲಿಲ್ಲ.

ಹದಿನೈದು ದಿನ ಬಿಟ್ಟು ತಾಯಿಯ ಫೋನು ಬಂತು.

"ಆಪಾ, ಆ ಮೆಹರ್ಜಾನಳ ಪುಸ್ತಕ ಓದಿ ಹೇಳು ಅಂದೆ. ದಿನಾ ರಾತ್ರಿ ರೊಟ್ಟಿ ಬಡಿಯೋ ಹೊತ್ತಿಗೆ ಓದಿ ಹೇಳಾಕತ್ತಾಳ. ಬಾಜೂ ಮನಿ ನೀಲವ್ವನೂ ಬಂದು ಕುಂದರ್ತಾಳ. ನಿನ್ನೆ ಆಕಿ ಕಣ್ಣೀರು ಹಾಕಿದ್ಲು. ಆ ಹೆಣ್ಣಿನ ಪಾಡು ನಮ್ಮ ಓಣ್ಯಾಗ ಎಷ್ಟು ಮಂದೀದು ಐತ್ರಿ!"

ಕನ್ನಡ ಬಿಡಿಸುವ ಮಾತನ್ನು ಆಕೆ ಮತ್ತೆ ಎತ್ತಲಿಲ್ಲ. ಇದು ಮುಗಿದ ಮೇಲೆ ಓದಿಸಲು ಇನ್ನೊಂದು ಪುಸ್ತಕದ ಹೆಸರು ಹೇಳಿ ಎಂದು ಕೇಳಿದಳು.